ಶಾರ್ಕ್ ಹಿಡಿದು ಬಿಡುತ್ತಿದ್ದ ಮಾವ

ಮಾವನ ಬಲಗೈ ತೋರುಬೆರಳಿನ ನಡುಗೆಣ್ಣಿನ ಮೇಲೆ ಒಂದು ಗೀರು ಇತ್ತು. ಈಳಿಗೆಗೆ ತಾಗಿದ ಸೌತೆಕಾಯಿಯ ಹಾಗೆ ಆಳವಾಗಿ ಕೊಯ್ದು, ಅಂಚು ಕಪ್ಪಾಗಿತ್ತು. ಹೆಣ್ಣು ನೋಡಲೆಂದು ಕಲಬುರಗಿಯಿಂದ ಹಿಮಾಯತ್‌ನಗರದ ಅವರ ಮನೆಗೆ ಹೋದ ದಿನ, ಚೂಡಾದ ತಟ್ಟೆ ಮುಂದೆ ಬಂದಾಗ, ಹುಡುಗಿಗಿಂತ ಮೊದಲು ನನಗೆ ಕಂಡದ್ದು ಆ ಬೆರಳು.

ನಮ್ಮ ದೊಡ್ಡವ್ವನ ಕಣ್ಣಿಗೂ ಅದು ಬಿತ್ತು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವರು, ಪಾಪ, ಮಷಿನ್‌ಗೆ ಸಿಕ್ಕಿರಬೇಕು ಎಂದು ಮರುಗಿದಳು. ಮಾವನ ತಮ್ಮ ಹೌದೆಂದು ತಲೆ ಆಡಿಸಲು ಶುರು ಮಾಡಿಯೂ ಬಿಟ್ಟಿದ್ದ. ಎರಡೂ ಕಡೆ ಲಿಂಗಾಯತರು. ಮೊಟ್ಟೆಯ ಮಾತು ಬಂದರೂ ಬಾಯಿ ಮುಕ್ಕಳಿಸುವವಳು ನಮ್ಮ ದೊಡ್ಡವ್ವ. ನನಗೋ ಅಷ್ಟರಲ್ಲಿ ಹುಡುಗಿ ಮನಸ್ಸಿಗೆ ಬಂದಿದ್ದಳು. ದೊಡ್ಡವ್ವ ಬೇಡವೆಂದರೆ ನಮ್ಮ ಮನೆಯಲ್ಲಿ ಮುಂದೆ ಮಾತಿಲ್ಲ.

“ಮಷಿನ್ ಅಲ್ರಿ. ಶಾರ್ಕ್ ಎಳದಾಗ ದಾರ ಕೊಯ್ದದ್ದು,” ಎಂದರು ಮಾವ.

ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾವ ಅಷ್ಟಕ್ಕೇ ಬಿಡದೆ ಎಲ್ಲವನ್ನೂ ಬಿಡಿಸಿ ಹೇಳಿದರು. ಮೊದಲು ಒಮಾನಿನಲ್ಲಿ, ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಅಲ್ಲಿ ಸಮುದ್ರ ಇಳಿದಾಗ ದೂರದವರೆಗೂ ಮರಳಿನ ಮೇಲೆ ಮೊಣಕಾಲುದ್ದ ನೀರಷ್ಟೇ ಉಳಿಯುತ್ತದೆ. ತೋಳುದ್ದದ ಸಣ್ಣ ಶಾರ್ಕ್‌ಗಳು ಬೆನ್ನಿನ ರೆಕ್ಕೆ ಹೊರಗೆ ಮಾಡಿಕೊಂಡು ಬೇಟೆಗೆ ಬರುತ್ತವೆ. ಗಾಳಕ್ಕೆ ಕೋಳಿಪುಕ್ಕ ಕಟ್ಟಿ, ಅದನ್ನೇ ಮೀನೆಂದು ನಂಬುವ ಹಾಗೆ ಎಸೆದು, ಹಿಡಿದು, ನೀರಿನಲ್ಲೇ ಬಿಟ್ಟುಬಿಡುವ ಹುಚ್ಚು ಅವರಿಗೆ ಅಲ್ಲೇ ಹಿಡಿದದ್ದು. ಊರಿಗೆ ಮರಳಿದ ಮೇಲೂ ಚಳಿಗಾಲಕ್ಕೊಮ್ಮೆ ಅಲ್ಲಿಯ ಹಳೆಯ ಗೆಳೆಯನ ಮನೆಗೆ ಹೋಗುತ್ತಿದ್ದರು.

“ತಿನ್ನಾಂಗಿಲ್ಲಂದ್ರ ಹಿಡಿಯೂದ್ಯಾಕ್ರಿ?” ದೊಡ್ಡವ್ವ ಕೇಳಿದಳು.

“ಅದು ನನಗೂ ಗೊತ್ತಾಗವಲ್ದುರಿ. ಗೊತ್ತಾಗಿದ್ರ ಯಾವಾಗೋ ಬಿಟ್ಟುಬಿಡ್ತಿದ್ದೆ.”

ಮರಳಿ ಹೋಗುವಾಗ ರೈಲು ತಾಂಡೂರು ದಾಟಿತು. ಆಗ ದೊಡ್ಡವ್ವನೇ, ಇಂಥ ಹೊತ್ತಿನಲ್ಲಿ ಇದನ್ನೇ ಮುಚ್ಚಿಡದ ಮನುಷ್ಯ ಮತ್ತೇನು ಮುಚ್ಚಿಟ್ಟಾನು, ಹೂಂ ಅಂತ ಹೇಳಿ ಕಳಿಸೋಣ ಎಂದಳು.

ಮದುವೆಯಾದ ಮೇಲೆ ಮಾವನ ಭಾನುವಾರಗಳನ್ನು ಕಂಡೆ. ಪುಕ್ಕ ಮನೆಯೊಳಗೆ ಬರಕೂಡದೆಂದು ಅತ್ತೆಯ ಕಟ್ಟಪ್ಪಣೆ. ಕೋಳಿ ಅಂಗಡಿಯಿಂದ ತಂದದ್ದನ್ನು ಶಾಂಪೂ ಹಾಕಿ ತೊಳೆದು, ಮಾಳಿಗೆಯ ನೀರಿನ ಟ್ಯಾಂಕಿನ ನೆರಳಿಗೆ ಕೂತು ಗಾಳಕ್ಕೆ ಕಟ್ಟುತ್ತಿದ್ದರು. ಬಿಡಿಸುವಾಗ ಮೀನಿನ ಬಾಯಿ ಹರಿಯಬಾರದೆಂದು ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದರು. ಹೀಗೆ ಮಾಡಿದರೆ ಎಷ್ಟೋ ಮೀನು ತಪ್ಪಿಸಿಕೊಳ್ಳುತ್ತವಲ್ಲ ಎಂದರೆ, ತಪ್ಪಿಸಿಕೊಳ್ಳಲಿ, ಅವಕ್ಕೂ ಮನೆಮಠ ಇಲ್ಲವೇ ಎನ್ನುತ್ತಿದ್ದರು. ಆಮೇಲೆ ಎಸೆಯುವ ಅಭ್ಯಾಸ. ದಾರದ ತುದಿಗೆ ಕೆಂಪು ಉಲ್ಲನ್, ದೂರದಲ್ಲಿಟ್ಟ ಹಳೇ ಚಪ್ಪಲಿಯೇ ಶಾರ್ಕು. ಪಟವೇ ಇಲ್ಲದೆ ಪಟ ಹಾರಿಸುತ್ತಾರೆಂದು ಪಕ್ಕದ ಮಾಳಿಗೆಯವರು ತೆಲುಗಿನಲ್ಲಿ ನಗೆಯಾಡಿದರೆ ಮಾವನೂ ತೆಲುಗಿನಲ್ಲೇ ಒಪ್ಪಿಕೊಂಡು ನಗುತ್ತಿದ್ದರು. ಶಾರ್ಕಿಗೆ ಮೂಗಿನ ನೇರ ಮುಂದಿರುವುದು ಕಾಣುವುದಿಲ್ಲ, ಪುಕ್ಕ ಕಣ್ಣಿನ ಬಾಜೂ ಬೀಳಬೇಕು ಎಂದು ನನಗೆ ಕಲಿಸಿದ್ದು ಆ ಚಪ್ಪಲಿಯ ಮೇಲೆಯೇ. ನಾನು ಅವಸರ ಮಾಡಿದರೆ ಒಂದೇ ಮಾತು: “ಹಿಂದಕ್ಕ ಹೋದ ದಾರ ಪೂರಾ ಚಾಚಲಿ, ಆಮ್ಯಾಲ ಮುಂದಕ್ಕ.” ನಾನು ನನ್ನ ಹೆಂಡತಿಯೊಡನೆ ಜಗಳವಾಡಿ ಅವರ ಮುಂದೆ ಕೂತಾಗಲೂ ಅದನ್ನೇ ಹೇಳಿದ್ದರು.

ಕೊನೆಯ ಸಲ ನಾನೂ ಒಮಾನಿಗೆ ಜೊತೆಯಾದೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಎದುರಿನವರ ಮುಖವೂ ಅವರಿಗೆ ಮಸುಕಾಗಿತ್ತು. ಇನ್ನೊಂದು ಶಾರ್ಕನ್ನು ಕೈಯಾರೆ ಹಿಡಿದು ಬಿಟ್ಟು ಗಾಳದ ಕೋಲು ಅಟ್ಟಕ್ಕೆ ಹಾಕುತ್ತೇನೆ ಎಂದಿದ್ದರು. ನೀರಿನಲ್ಲಿ ಮಗ್ಗುಲಿಗೆ ನಿಂತು ದಿಕ್ಕು ಹೇಳುವುದು ನನ್ನ ಕೆಲಸ. ಬಹಳ ಹೊತ್ತು ಏನೂ ಬರಲಿಲ್ಲ. ಸಮುದ್ರ ಮತ್ತೆ ಏರತೊಡಗಿದಾಗ ಎಡಗಡೆ ಒಂದು ರೆಕ್ಕೆ ಕಂಡಿತು. ಹೇಳಿದೆ. ಮಾವ ಕೋಲು ಎತ್ತಿದರು. ದಾರ ಹಿಂದೆ ಪೂರ್ತಿ ಚಾಚಿ ಮುಂದೆ ಹೋಯಿತು. ಪುಕ್ಕ ಬಿದ್ದದ್ದು ಮೂಗಿನ ನೇರಕ್ಕೆ. ಶಾರ್ಕು ಅದನ್ನು ಕಾಣದೆ ದಾಟಿ ಹೋಯಿತು. ನೀರು ಸೊಂಟಕ್ಕೆ ಬಂದಿತ್ತು, ಇನ್ನು ನಿಲ್ಲುವಂತಿರಲಿಲ್ಲ.

ಅದು ಹತ್ತಿರ ಬರಲೇ ಇಲ್ಲವೆಂದು ಹೇಳಿಬಿಡು ಎಂದು ನಮ್ಮನ್ನು ಅಲ್ಲಿಗೆ ಕರೆತಂದಿದ್ದ ದೋಣಿಯವನು ಹಿಂದಿನಿಂದ ಕೈಸನ್ನೆ ಮಾಡಿದ. ನನ್ನ ನಾಲಿಗೆಯ ತುದಿಗೂ ಅದೇ ಬಂದಿತ್ತು. ಮುದುಕರು ಅಷ್ಟು ದೂರ ಬಂದು ಬರಿಗೈಲಿ ನಿಂತಿದ್ದರು, ನೋಡಲಾಗುತ್ತಿರಲಿಲ್ಲ.

“ಏನಾತ್ರಿ ಅಳಿಯಾರ?”

“ಭಾಳ ಸಮೀಪ ಬಂದಿತ್ರಿ ಮಾವಾರ. ನಿಮ್ಮ ಪುಕ್ಕ ಮೂಗಿನ ಮುಂದ ಬಿತ್ತು.”

ಅದೇ ಅವರ ಕೊನೆಯ ಎಸೆತ. ಮಳೆಗಾಲ ಹಿಡಿಯುವ ಮೊದಲೇ ತೀರಿಕೊಂಡರು. ಅವತ್ತು ಅವರು ದಾರ ಸುತ್ತಿದರು, ಕೋಲನ್ನು ನನ್ನ ಕೈಗೆ ಕೊಟ್ಟರು, ದೋಣಿಯ ಕಡೆ ನಡೆಯಲು ನನ್ನ ಹೆಗಲು ಹಿಡಿದುಕೊಂಡರು. ನಾಲ್ಕು ಹೆಜ್ಜೆ ಹೋದ ಮೇಲೆ ಹೇಳಿದರು:

“ಮಗಳನ್ನ ಚಲೋ ಮನಿಗೇ ಕೊಟ್ಟೀನಿ.”