ನಡು ಬಾಗುವ ಗಾಡಿ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಬಗ್ಗೆ ಎರಡು ಮಾತು ನಡೆದವು. ಮನೆಗೆ ಬಂದು ಚಾಪೆಯ ಮೇಲೆ ಕೂತವರು, "ಅಂತಾ ತಲೆ ಈ ಸೀಮೇಲೇ ಇಲ್ಲ" ಎನ್ನುತ್ತಿದ್ದರು. ಅವರೇ ಜಗಲಿ ಇಳಿಯುವಾಗ, "ಓಡ್ದೇ ಇರೋ ಗಾಡಿ ಕಟ್ಟಿ ಪ್ರಾಣ ಕಳ್ಕಂಡ" ಎನ್ನುತ್ತಿದ್ದರು. ನನಗೆ ಎರಡೂ ಕೇಳಿಸುತ್ತಿತ್ತು. ಎರಡೂ ನಿಜವಲ್ಲ. ಅವರು ಪ್ರಾಣ ಕಳೆದುಕೊಂಡದ್ದು ಚಳಿಜ್ವರದಿಂದ. ಯುದ್ಧದ ವರ್ಷಗಳವು, ಕ್ವಿನೈನು ಸಿಗುತ್ತಿರಲಿಲ್ಲ. ಗಾಡಿ ಓಡದೇ ಇದ್ದದ್ದು ಅವರು ಮಾಡಿದ ಒಂದು ತಪ್ಪಿನಿಂದ. ಆ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಅದನ್ನು ಸರಿಯಾಗಿ ಹೇಳುವವರು ಇನ್ನು ನಾನೊಬ್ಬಳೇ.

ಮಂಡ್ಯದಲ್ಲಿ ಅವರಿಗೆ ಕಬ್ಬಿನ ಗಾಣ ರಿಪೇರಿಯ ಕೆಲಸ. ಆಲೆಮನೆಗಳ ಕಬ್ಬಿಣದ ಗಾಣ ಕೆಟ್ಟರೆ ಕೆರಗೋಡಿನಿಂದ ಹಿಡಿದು ಮಳವಳ್ಳಿಯವರೆಗೂ ಅವರನ್ನೇ ಕರೆಯುತ್ತಿದ್ದರು. ನಮಗಿದ್ದ ಜಮೀನು ಹೊಳಲು ಹಾದಿಯಲ್ಲಿ, ನಾಲೆಯ ನೀರು ಹರಿಯುವ ಒಂದೇ ಒಂದು ಪಟ್ಟೆ. ಉದ್ದವೇನೋ ಇತ್ತು, ಅಗಲ ಇರಲಿಲ್ಲ. ಒಂದು ತುದಿಗೆ ನೀರಿನ ಕಾಲುವೆ, ಇನ್ನೊಂದು ತುದಿಗೆ ಬೇರೆಯವರ ಗದ್ದೆ. ಸಾಲಿನ ಕೊನೆಯಲ್ಲಿ ಜೋಡೆತ್ತು ತಿರುಗಿಸಬೇಕಾದರೆ ಪಕ್ಕದವರ ಬದು ತುಳಿಯಲೇಬೇಕು. ಉಳುವ ದಿನ ಬಂತೆಂದರೆ ಪಕ್ಕದ ಗದ್ದೆಯವನು ಕೋಲು ಹಿಡಿದು ಅಲ್ಲಿ ನಿಂತಿರುತ್ತಿದ್ದ.

"ಇನ್ನೊಂದ್ ಎಜ್ಜೆ ಇಟ್ರೆ ಎತ್ತಿನ್ ಕಾಲ್ ಮುರಿತೀನಿ ಕಣ್ಲಾ!"

"ಎತ್ತು ಆರ್ಕಂಡ್ ತಿರುಗ್ತದೇನ್ಲಾ?" ಎಂದು ಇವರು ಕೇಳುತ್ತಿದ್ದರು.

ಒಂದು ದಿನ ಹೀಗೆ ಜಗಳವಾಡಿ ಬಂದು ಊಟಕ್ಕೆ ಕೂತಾಗ ನನಗೆ ಹೇಳಿದರು: ಜೋಡೆತ್ತಿಗಿಂತ ಅಗಲವಿಲ್ಲದ, ನಮ್ಮ ನೆಲದೊಳಗೇ ತಿರುಗುವ ಒಂದು ಸಣ್ಣ ಟ್ರಾಕ್ಟರು ಕಟ್ಟುತ್ತೇನೆ. ನಾಲ್ಕು ಗಾಲಿಗೂ ಎಂಜಿನ್ನಿನ ಎಳೆತ ಇರಬೇಕು, ಇಲ್ಲದಿದ್ದರೆ ನಮ್ಮ ಕಪ್ಪು ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಮುಂದಿನ ಗಾಲಿ ತಿರುಗುವ ಬದಲು ಗಾಡಿಯ ನಡುವೇ ಬಾಗಬೇಕು. "ಇರುವೆ ನಡ ಬಗ್ಗಿಸ್ದಂಗೆ" ಎಂದು ಕೈಯಲ್ಲಿದ್ದ ರಾಗಿಮುದ್ದೆಯನ್ನು ಎರಡು ಮಾಡಿ, ನಡುವೆ ಬೆರಳಿಟ್ಟು ತೋರಿಸಿದರು.

ಅದಕ್ಕೆ ಒಂದೇ ಜಾತಿಯ ಎರಡು ಕಾರಿನ ಹಿಂದಿನ ಆಕ್ಸಲ್ಲು, ಎಂದರೆ ಗಾಲಿಗಳನ್ನು ತಿರುಗಿಸುವ ಅಚ್ಚು, ಬೇಕಿತ್ತು. ಒಳಗಿನ ಹಲ್ಲುಗಾಲಿಯಲ್ಲಿ ಹಲ್ಲಿನ ಲೆಕ್ಕ ಒಂದು ಕಡಿಮೆಯಾದರೂ ಹಿಂದಿನ ಗಾಲಿಗೂ ಮುಂದಿನದಕ್ಕೂ ಜಗಳ. ಮಳವಳ್ಳಿಯಲ್ಲಿ ಹುಣಸೆಮರದ ಕೆಳಗೆ ಕೋಳಿ ಗೂಡಾಗಿದ್ದ ಹಳೆಯ ಕಾರಿನಿಂದ ಒಂದು ಸಿಕ್ಕಿತು. ಅದರ ಜೊತೆಯದನ್ನು ಹುಡುಕಲು ಒಂದು ಬೇಸಿಗೆ ಪೂರ್ತಿ ಹೋಯಿತು. ಕೊನೆಗೆ ಅದನ್ನು ತಂದವರು ಮದ್ದೂರಿನ ಲಾರಿ ಡ್ರೈವರು, ಇವರ ಗೆಳೆಯರು. ನಡುವಿನ ಕೀಲಿಗೆ ಹಳೆಯ ಗಾಣದ ಉಕ್ಕಿನ ಕಂಬವನ್ನೇ ಕತ್ತರಿಸಿ, ಶಿವನಸಮುದ್ರದಲ್ಲಿ ಪರಿಚಯದವರೊಬ್ಬರ ಹತ್ತಿರ ಲೇತಿನಲ್ಲಿ ನುಣ್ಣಗೆ ಕಡೆಸಿ ತಂದರು. ಹಿತ್ತಲಲ್ಲಿ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆಯುವುದು ನನ್ನ ಕೆಲಸ. ಹಾಗೆ ತೊಳೆಯುತ್ತಲೇ ಯಾವುದು ಎಲ್ಲಿಗೆ ಎನ್ನುವುದು ನನಗೆ ತಿಳಿಯಿತು. ಯಾರೂ ಕಲಿಸಿದ್ದಲ್ಲ.

ಇನ್ನು ಅವರ ತಪ್ಪು. ಎಂಜಿನ್ನಿನಿಂದ ಬಂದ ಒಂದೇ ಸರಳು ಹಿಂದಕ್ಕೂ ಮುಂದಕ್ಕೂ ಹೋಗಿ ಎರಡು ಆಕ್ಸಲ್ಲನ್ನೂ ತಿರುಗಿಸಬೇಕು. ಅದಕ್ಕಾಗಿ ಮುಂದಿನ ಆಕ್ಸಲ್ಲು ಹಿಂದಿನದಕ್ಕೆ ಮುಖ ಮಾಡಿ ನಿಲ್ಲಬೇಕು. ಅವರ ಆಯುಸ್ಸೆಲ್ಲ ಗಾಣದಲ್ಲಿ ಕಳೆದಿತ್ತು. ಗಾಣದಲ್ಲಿ ಎದುರುಬದುರು ನಿಂತ ಎರಡು ಉರುಳೆ ಎಂದೂ ಒಂದೇ ಕಡೆಗೆ ತಿರುಗುವುದಿಲ್ಲ. ಒಂದು ಬಲಕ್ಕಾದರೆ ಇನ್ನೊಂದು ಎಡಕ್ಕೆ. ಹಾಗಾದರೆ ಎದುರು ನಿಲ್ಲಿಸಿದ ಆಕ್ಸಲ್ಲೂ ಉಲ್ಟಾ ತಿರುಗುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ಸರಿಮಾಡಲು ಮುಂಚೆಯೇ ಮುಂದಿನ ಆಕ್ಸಲ್ಲನ್ನು ತಲೆಕೆಳಗು ಮಾಡಿ ಬಿಗಿದರು. ಆಲೆಮನೆಯವರು ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ನೋಡಿದವರೆಲ್ಲ, ಡ್ರೈವರಣ್ಣನೂ ಸೇರಿ, "ಸರಿಯಾಗ್ ಅದೆ" ಎಂದಿದ್ದರು.

ಗದ್ದೆಗೆ ಇಳಿಸಿದ ದಿನ ಬದುವಿನ ತುಂಬ ಜನ. ಎಂಜಿನ್ನು ಚಾಲೂ ಆಯಿತು. ಇವರು ಕ್ಲಚ್ಚು ಬಿಟ್ಟರು. ಹಿಂದಿನ ಗಾಲಿ ಮುಂದಕ್ಕೆ ತಳ್ಳಿತು, ಮುಂದಿನ ಗಾಲಿ ಹಿಂದಕ್ಕೆ ತಳ್ಳಿತು. ಗಾಡಿ ನಿಂತಲ್ಲೇ ನಡು ಉಳುಕಿದವರಂತೆ ಪಕ್ಕಕ್ಕೆ ಮಡಚಿಕೊಂಡು ನಾಲ್ಕು ಗುಂಡಿ ತೋಡಿತು.

ಪಕ್ಕದ ಗದ್ದೆಯ ಕೋಲಿನವನು ಕೂಗಿದ: "ಮದ್ದೂರ್ಗ್ ಓಗೋರು ಮುಂದ್ಗಡೆ ಅತ್ಕಳಿ, ಮೈಸೂರ್ಗ್ ಓಗೋರು ಇಂದ್ಗಡೆ ಅತ್ಕಳಿ!"

ಜನ ಹೊಟ್ಟೆ ಹಿಡಿದು ನಕ್ಕರು. ಇವರೂ ನಕ್ಕರು, ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಗಾಡಿಯನ್ನು ಎತ್ತು ಕಟ್ಟಿ ಎಳೆಸಿಕೊಂಡು ಮನೆಗೆ ತಂದರು. ಆ ಸಂಜೆಯೇ ಚಳಿ ಶುರುವಾಯಿತು. ಹತ್ತು ದಿನ ಬದುಕಿದ್ದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ನಮ್ಮ ಭಾವನವರು, ಎಂದರೆ ಯಜಮಾನರ ಅಣ್ಣ, ಹಿತ್ತಲಿಗೆ ಬಂದು ಗಾಡಿಯನ್ನು ನೋಡಿದರು. "ಬರೋ ಸೋಮ್ವಾರ ಮದ್ದೂರಿನ್ ಗುಜರಿಯೋನು ಗಾಡಿ ತತ್ತಾನೆ. ಬಿಚ್ಚಿ ಕೊಟ್ಬುಡಾನ. ಮನೇಲಿ ಇಡೋ ವಸ್ತು ಅಲ್ಲ ಇದು, ನನ್ ತಮ್ಮನ್ನ ತಿಂದ್ಬುಡ್ತು" ಎಂದರು.

ಕೆಟ್ಟವರಲ್ಲ ಅವರು. ತಮ್ಮನ ಮೇಲೆ ಪ್ರೀತಿ ಇತ್ತು. ಆದರೆ ಬಿಚ್ಚಿ ಕೊಟ್ಟರೆ ನಮ್ಮ ಯಜಮಾನರು ಈ ಊರಿನಲ್ಲಿ ಎಂದೆಂದಿಗೂ ಎರಡು ದಿಕ್ಕಿಗೆ ಓಡುವ ಗಾಡಿ ಕಟ್ಟಿದವರಾಗಿಯೇ ಉಳಿಯುತ್ತಾರೆ. ನಾನು ಅದುವರೆಗೆ ಭಾವನವರ ಎದುರು ಗಟ್ಟಿಯಾಗಿ ಮಾತನಾಡಿದವಳಲ್ಲ. ಅಂದು ಬಾಗಿಲ ಹಿಂದೆ ನಿಲ್ಲದೆ ಹೊರಗೆ ಬಂದು ಹೇಳಿದೆ: "ಅದು ಒಂದ್ ಸಾಲು ಉತ್ತು, ನಮ್ ನೆಲದಾಗೇ ತಿರುಗ್ಲಿ. ತಿರುಗ್ದೇ ಓದ್ರೆ ನಾನೇ ಬಿಚ್ಕೊಡ್ತೀನಿ. ಅಲ್ಲೀಗಂಟ ಯಾರೂ ಮುಟ್ಕೂಡ್ದು."

ಭಾವನವರು ಅಲ್ಲೇ ಕೂತಿದ್ದ ನಮ್ಮ ಅತ್ತೆಯ ಮುಖ ನೋಡಿದರು. ಅತ್ತೆ ಎಲೆಯಡಿಕೆ ಉಗಿದು, "ನನ್ನ್ ಯಾಕ್ಲಾ ನೋಡೀಯೆ? ಸೋಮ್ವಾರ್ಕೆ ಇನ್ನೂ ಆರ್ ದಿನ ಅದೆ" ಎಂದರು.

ಆರು ದಿನಗಳಲ್ಲಿ ಮೊದಲೆರಡು ದಿನ ನಾನು ಏನೂ ಮಾಡಲಿಲ್ಲ. ಗಾಡಿಯ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಅವರ ಕೈಯ ವಾಸನೆ ಅಲ್ಲಿ ಇನ್ನೂ ಇತ್ತು. ಮೂರನೆಯ ದಿನ, ಮುಂದಿನ ಆಕ್ಸಲ್ಲಿನ ಕೆಳಗೆ ಇಟ್ಟಿದ್ದ ತೆಂಗಿನ ಕರಟ ಎಣ್ಣೆ ತುಂಬಿ ಹರಿಯುತ್ತಿತ್ತು. ಆ ಆಕ್ಸಲ್ಲು ಬಿಗಿದಾಗಿನಿಂದ ಎಣ್ಣೆ ತೊಟ್ಟಿಕ್ಕುತ್ತಲೇ ಇತ್ತು. ದಿನವೂ ಕರಟ ಖಾಲಿ ಮಾಡುತ್ತಿದ್ದವಳು ನಾನೇ. ಹಿಂದಿನದು ಮಾತ್ರ ಒಂದು ಹನಿಯೂ ಸೋರುತ್ತಿರಲಿಲ್ಲ. ಬಗ್ಗಿ ನೋಡಿದೆ. ಎಣ್ಣೆ ಹಾಕುವ ತೂತು ಹಿಂದಿನದಕ್ಕೆ ಮೇಲಿತ್ತು, ಮುಂದಿನದಕ್ಕೆ ಕೆಳಗಿತ್ತು. ಅದನ್ನು ಮಾಡಿದ ಕಂಪನಿಯವನು ಎಣ್ಣೆ ಸುರಿದುಹೋಗಲಿ ಎಂದು ತೂತನ್ನು ಕೆಳಗೆ ಇಟ್ಟಿರಲಾರ. ತಲೆಕೆಳಗು ಮಾಡಿದ್ದೇ ಕೆಟ್ಟಿತೇನೋ ಎಂದು ಆಗ ಅನ್ನಿಸಿತು.

ಡ್ರೈವರಣ್ಣನಿಗೆ ಹೇಳಿ ಕಳಿಸಿದೆ. ಬಂದು, ನಾನು ಹೇಳಿದ್ದನ್ನು ಕೇಳಿ, ತಲೆ ಕೆರೆದುಕೊಂಡರು.

"ಎದ್ರುಗ್ ನಿಲ್ಸಿದ್ ಮ್ಯಾಕೆ ಅದು ಉಲ್ಟಾ ತಿರುಗ್ಲೇಬೇಕಲ್ಲಕ್ಕಾ? ಗಾಣ ನೋಡಿಲ್ವಾ ನೀವು?"

"ಗಾಣದ್ ಮಾತು ಬುಡಿ. ಇದನ್ನ ಕಲ್ಮೇಲ್ ಎತ್ತಿ, ಸರಳು ಕೈಯಲ್ಲೇ ತಿರುಗ್ಸಿ ನೋಡಾನ."

ನಾಲ್ಕು ಗಾಲಿಯೂ ನೆಲ ಬಿಡುವಂತೆ ಗಾಡಿಯನ್ನು ಕಲ್ಲಿನ ಮೇಲೆ ಎತ್ತಿದೆವು. ಅವರು ಸರಳು ತಿರುಗಿಸಿದರು. ಹಿಂದಿನ ಗಾಲಿ ಮುಂದಕ್ಕೆ, ಮುಂದಿನ ಗಾಲಿ ಹಿಂದಕ್ಕೆ. ಮುಂದಿನ ಆಕ್ಸಲ್ಲನ್ನು ಬಿಚ್ಚಿ, ಸರಪಳಿ ರಾಟೆಯಲ್ಲಿ ಎತ್ತಿ, ತಲೆ ಮೇಲಾಗಿ ಮಾಡಿ, ಮುಖ ಮಾತ್ರ ಎದುರಿಗೇ ಇಟ್ಟು ಮತ್ತೆ ಬಿಗಿಯುವುದಕ್ಕೆ ಎರಡು ದಿನ ಹಿಡಿಯಿತು. ಮತ್ತೆ ಸರಳು ತಿರುಗಿಸಿದರು. ನಾಲ್ಕೂ ಒಂದೇ ಕಡೆಗೆ ತಿರುಗಿದವು. ಗಾಣದ ಉರುಳೆಯಂತಲ್ಲ ಇದು, ಎರಡು ಆಕ್ಸಲ್ಲಿಗೂ ಸರಳು ಒಂದೇ, ಎದುರು ನಿಲ್ಲಿಸಿದ್ದರೆ ಸಾಕಿತ್ತು. ಡ್ರೈವರಣ್ಣ ಮುಖ ಆ ಕಡೆ ಮಾಡಿಕೊಂಡರು. "ಇಷ್ಟೇನಾ! ಇಷ್ಟೇ ಆಗಿತ್ತಾ ಕಣೋ!" ಎಂದರು. ನನಗೆ ಹೇಳಿದ್ದಲ್ಲ ಅದು.

ಗಾಡಿಯನ್ನು ಅವರು ಓಡಿಸುತ್ತಾರೆ ಎಂದೇ ನಾನು ತಿಳಿದಿದ್ದೆ. ಆದರೆ ಗಾಡಿಯ ಹಿಂದೆ ಕಟ್ಟಿದ್ದು ಕೈನೇಗಿಲು. ಅದರ ಮೇಣಿ ಹಿಡಿದು ಒಬ್ಬರು ನಡೆಯಬೇಕು. ಭಾವನವರು ಬರುವುದಿಲ್ಲ ಎಂದರು. ಬೇರೆ ಯಾರೂ ಬರಲಿಲ್ಲ, ಸತ್ತವನ ಗಾಡಿ ಎಂದು ಹೆದರಿದರು. ನಮ್ಮಲ್ಲಿ ಹೆಂಗಸು ನೇಗಿಲು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮಳೆ ನಿಂತುಹೋಗುತ್ತದೆ ಎಂಬ ನಂಬಿಕೆ. ಹಾಗಾಗಿ ಮೇಣಿ ಡ್ರೈವರಣ್ಣನ ಪಾಲಿಗೆ ಹೋಯಿತು, ಓಡಿಸುವುದು ನನ್ನ ಪಾಲಿಗೆ ಬಂತು. ಭಾನುವಾರ ಬೆಳಗಿನಿಂದ ಹಿತ್ತಲಲ್ಲಿ ಕ್ಲಚ್ಚು ತುಳಿಯುವುದನ್ನೂ ನಡು ಬಗ್ಗಿಸುವ ಕೈಚಕ್ರ ಎಳೆಯುವುದನ್ನೂ ಕಲಿತೆ. ಎರಡು ಬಾಳೆಗಿಡ ಹೋದವು.

ಸೋಮವಾರ ಬದುವಿನ ಮೇಲೆ ಮತ್ತೆ ಅದೇ ಜನ. ಗುಜರಿಯವನೂ ಗಾಡಿ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ. ನಾನು ಸೆರಗು ಸಿಕ್ಕಿಸಿ ಹತ್ತಿ ಕೂತ ಕೂಡಲೇ ಕೋಲಿನವನು ಬಾಯಿ ಮಾಡಿದ.

"ಅಯ್ಯಯ್ಯೋ, ಎಂಗ್ಸು ಉಳೋಕ್ ಬಂದವ್ಳಲ್ರಪ್ಪೋ! ಮಳೆ ಓಯ್ತದೆ ಊರ್ಗೆ!"

ಅತ್ತೆ ಸೊಂಟಕ್ಕೆ ಕೈಯಿಟ್ಟರು. "ಮೇಣಿ ಇಡ್ದಿರೋನು ಗಂಡ್ಸು, ಕಣ್ ಬುಟ್ ನೋಡ್ಲಾ. ಅವ್ಳು ಮುಟ್ಟಿರೋದು ಚಕ್ರ. ಅಲ್ಲಾ, ನಾಲೆ ನೀರ್ ಕುಡ್ಯೋ ಗದ್ದೆಗೆ ಮಳೆ ಯಾಕ್ಲಾ ನಿಂಗೆ?"

ಯಾರೋ ನಕ್ಕರು. ಈ ಸಲ ನಕ್ಕದ್ದು ನಮ್ಮನ್ನು ನೋಡಿ ಅಲ್ಲ.

ಕ್ಲಚ್ಚು ಬಿಟ್ಟೆ. ಗಾಡಿ ಒಮ್ಮೆ ಜಗ್ಗಿ, ಮುಂದಕ್ಕೆ ಹೋಯಿತು. ಕಬ್ಬು ಕಡಿದು ಗಟ್ಟಿಯಾಗಿದ್ದ ನೆಲ ಹಿಂದೆ ಸೀಳಿಕೊಂಡು ಬರುತ್ತಿದ್ದುದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕೊನೆ ಬಂತು. ಕೋಲಿನವನು ಬದುವಿನ ಅಂಚಿಗೆ ಬಂದು ನಿಂತ. ಚಕ್ರವನ್ನು ಪೂರ್ತಿ ಎಳೆದೆ. ನನ್ನ ಕಾಲ ಮುಂದೆಯೇ ಗಾಡಿಯ ನಡು ಬಾಗಿತು, ಮುಂದಿನ ಗಾಲಿ ಎತ್ತ ಹೋಯಿತೋ ಹಿಂದಿನದೂ ಅದೇ ಜಾಡಿನಲ್ಲಿ ಬಂತು. ಬದುವಿನ ಹುಲ್ಲಿನ ಒಂದು ಎಸಳೂ ಬಾಗಲಿಲ್ಲ. ಅವನ ಕೋಲು ಅವನ ಕೈಯಲ್ಲೇ ಉಳಿಯಿತು.

ಭಾವನವರು ಬಂದು ಗಾಲಿಯ ಗುರುತನ್ನೂ ಬದುವನ್ನೂ ಬಗ್ಗಿ ನೋಡಿದರು. ಆಮೇಲೆ ತಲೆ ಎತ್ತದೆ ಕೇಳಿದರು: "ಗುಜರಿಯೋನ್ಗೆ ಏನಂತ ಯೋಳ್ಲವ್ವ?"

"ಕಾಲಿ ಗಾಡೀಲೇ ಓಗು ಅನ್ನಿ."

ಆಮೇಲೆ ಹಲವರು ನನಗೆ ಸಮಾಧಾನ ಹೇಳಿದರು, ಅವರ ಆತ್ಮಕ್ಕೆ ಈಗ ಶಾಂತಿ ಸಿಕ್ಕಿರುತ್ತದೆ ಎಂದು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹತ್ತು ದಿನ ಚಳಿಯಲ್ಲಿ ನಡುಗುತ್ತ ಅವರು ಕೇಳಿದ್ದು ಒಂದೇ, ಯಾಕೆ ಹಾಗಾಯಿತು ಎಂದು. ಉತ್ತರ ಅವರ ಹಾಸಿಗೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕರಟಕ್ಕೆ ತೊಟ್ಟಿಕ್ಕುತ್ತಿತ್ತು. ಅದು ನನಗೆ ತಡವಾಗಿ ಕಂಡಿತು. ಈ ದುಃಖವನ್ನು ಯಾವ ಸಮಾಧಾನಕ್ಕೂ ನಾನು ಬಿಟ್ಟುಕೊಡುವುದಿಲ್ಲ, ಅದು ನನ್ನದು.

ಅಂದು ಭಾವನವರು ಅತ್ತ ಹೋದ ಮೇಲೂ ಜನ ಚದುರಲಿಲ್ಲ. ಚಕ್ರದ ಮೇಲೆ ತಲೆಯಿಟ್ಟು ನಾನು ಅಳುತ್ತೇನೆ ಎಂದು ಕಾಯುತ್ತಿದ್ದರು. ಡ್ರೈವರಣ್ಣ ನೇಗಿಲಿನ ಮಣ್ಣು ಕೆರೆದು, "ಓಗಾನಾ ಅಕ್ಕಾ?" ಎಂದರು. ಪಟ್ಟೆಯಲ್ಲಿ ಇನ್ನೂ ಹದಿನೇಳು ಸಾಲು ಉಳಿದಿದ್ದವು. ಕ್ಲಚ್ಚು ಬಿಟ್ಟೆ.