ಸೇಂಟ್ ಇನೋಕ್ ಸ್ಟಾಪಿನ ನೆಟ್ಟಾ

ನೆಟ್ಟಾ ಗಿಲ್‌ಕ್ರೈಸ್ಟ್ ಬಸಿರಾದ ಸುದ್ದಿ ಗ್ಲಾಸ್ಗೋದ ಪಾರ್ಟಿಕ್ ಕೇರಿಗೆಲ್ಲ ಹಬ್ಬುವಷ್ಟರಲ್ಲಿ, ಮದುವೆಯ ಮಾತು ಕೊಟ್ಟಿದ್ದ ಹಡಗಿನ ಬಡಗಿ ಕೆನಡಾ ಸೇರಿಯಾಗಿತ್ತು. ಅವಳ ಅಪ್ಪ ಆರ್ಚಿ ಹಡಗುಕಟ್ಟೆಯಲ್ಲಿ ಹೆಸರು ಮಾಡಿದ ಕೆಲಸಗಾರ, ಚರ್ಚಿನಲ್ಲಿ ಹಿರಿಯನೆನಿಸಿಕೊಂಡು ಮುಂದಿನ ಸಾಲಿನಲ್ಲಿ ಕೂರುವವನು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಮಗಳ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಂಡ.

ಅವಳನ್ನು ಒಳಗೆ ಕರೆದುಕೊಂಡವಳು ಸೋದರತ್ತೆ ಟೀನಿ. ಗ್ಲಾಸ್ಗೋದ ಇನ್ನೊಂದು ತುದಿಯಲ್ಲಿ, ಹಳೆಯ ದೊಡ್ಡ ಚರ್ಚಿನ ಹತ್ತಿರದ ಓಣಿಯಲ್ಲಿ ಅವಳಿಗೊಂದು ಒಂಟಿ ಕೋಣೆಯ ಮನೆ. ಊರವರೆಲ್ಲ ಬಟ್ಟೆ ಒಗೆಯಲು ಬರುವ ಒಗೆಮನೆಯಲ್ಲಿ ಅವಳ ದುಡಿಮೆ. ಗಂಡ ತೀರಿಕೊಂಡ ಮೇಲೆ ಯಾರಿಗೂ ತಲೆಬಾಗದೆ ಬದುಕಿದ ಹೆಂಗಸು.

ಗಂಡುಮಗು ಹುಟ್ಟಿತು. ಚೊಚ್ಚಲ ಮಗನಿಗೆ ತಾತನ ಹೆಸರಿಡುವುದು ಅವರಲ್ಲಿ ನಡೆದುಬಂದ ಪದ್ಧತಿ. ಮಗುವಿನ ತಂದೆಯ ಕಡೆಯವರಂತೂ ಇಲ್ಲ. ಅಪ್ಪನ ಪೂರ್ತಿ ಹೆಸರಾದ ಆರ್ಚಿಬಾಲ್ಡ್ ಎಂದೇ ಇಡೋಣವೆಂದು ನೆಟ್ಟಾ ಹೇಳಿಕಳುಹಿಸಿದಳು. ನನ್ನ ಹೆಸರನ್ನು ಆ ಮಗುವಿಗೆ ಅಂಟಿಸುವುದು ಬೇಡ ಎಂದು ಅಪ್ಪನಿಂದ ಉತ್ತರ ಬಂತು. ನೆಟ್ಟಾ ಅಂದು ಮುಖಕ್ಕೆ ಸೆರಗಿನಂತೆ ಶಾಲು ಎಳೆದುಕೊಂಡು ಒಲೆಯ ಮುಂದೆ ಕುಳಿತವಳು ಏಳಲೇ ಇಲ್ಲ.

ಟೀನಿ ಚಹಾದ ಲೋಟ ಅವಳ ಕೈಗಿಟ್ಟು ಕಥೆ ತೆಗೆದಳು. ಊರಿನ ಮಕ್ಕಳೆಲ್ಲ ಅರ್ಧಂಬರ್ಧ ಕೇಳಿದ್ದ ಕಥೆಯೇ ಅದು. ಲೋಥಿಯನ್ ರಾಜನ ಮಗಳು ತೆನ್ಯೂ ಮದುವೆಯಿಲ್ಲದೆ ಬಸಿರಾದಳು. ಅಪ್ಪ ಅವಳನ್ನು ಬೆಟ್ಟದ ತುದಿಯಿಂದ ನೂಕಿಸಿದ, ಸಾಯಲಿಲ್ಲ. ಹುಟ್ಟುಗೋಲಿಲ್ಲದ ತೊಗಲ ದೋಣಿಯಲ್ಲಿ ಕೂರಿಸಿ ಕಡಲಿಗೆ ಬಿಡಿಸಿದ, ಮುಳುಗಲಿಲ್ಲ. ದಡ ಸೇರಿ ಹೆತ್ತ ಮಗುವನ್ನು ಅಲ್ಲಿದ್ದ ಮುದಿ ಸನ್ಯಾಸಿಯೊಬ್ಬ ಎತ್ತಿಕೊಂಡು ‘ಮುಂಗೋ’, ಎಂದರೆ ನನ್ನ ಮುದ್ದು, ಎಂದು ಕರೆದ. ಆ ಮುಂಗೋ ಬೆಳೆದು ಹಳ್ಳದ ಬದಿಯಲ್ಲಿ ಕಟ್ಟಿದ ಪ್ರಾರ್ಥನೆಯ ಮನೆಯ ಸುತ್ತ ಗ್ಲಾಸ್ಗೋ ಬೆಳೆಯಿತು.

“ಇಡೀ ಊರು ಅವನನ್ನ ಸಂತ ಅಂತ ಕೈಮುಗಿಯುತ್ತೆ. ಅವನಪ್ಪ ಯಾರು ಅಂತ ಕೇಳಿದೋರುಂಟೇನೇ?” ಅಂದಳು ಟೀನಿ. “ಅದೇ ಹೆಸರಿಡು, ಪುಟ್ಟಿ.”

ಮಗು ಮುಂಗೋ ಆಯಿತು.

ಯುದ್ಧ ಬಂದು ಟ್ರಾಮಿನ ಗಂಡಸರೆಲ್ಲ ದಂಡಿಗೆ ಹೋದಾಗ ನೆಟ್ಟಾ ಕಂಡಕ್ಟರಾದಳು. ಹಸಿರು ಕೋಟು, ಹೆಗಲಿಗೆ ಚರ್ಮದ ಚೀಲ. ಟ್ರಾಮಿನ ಪಕ್ಕೆಯ ಮೇಲೆ ಸಂತ ಮುಂಗೋನ ಹಕ್ಕಿ, ಮರ, ಗಂಟೆ, ಮೀನುಗಳ ಊರ ಲಾಂಛನ. ಆರ್ಗೈಲ್ ಬೀದಿಯ ಜನಸಂದಣಿಯಲ್ಲಿ “ಸೇಂಟ್ ಇನೋಕ್!” ಎಂದು ಅವಳು ಕೂಗಿದರೆ ಟ್ರಾಮಿನ ಮಹಡಿಯಲ್ಲಿ ಪೈಪು ಸೇದುತ್ತ ಕುಳಿತವರೂ ಎದ್ದು ನಿಲ್ಲುತ್ತಿದ್ದರು. ತೆನ್ಯೂ ಎಂಬ ಹೆಸರೇ ಜನರ ಬಾಯಲ್ಲಿ ಸವೆದು ಇನೋಕ್ ಆಗಿದ್ದು.

ಒಂದು ಶನಿವಾರ ಮಧ್ಯಾಹ್ನ ಪಾರ್ಟಿಕ್‌ನ ಹಳೆಯ ನೆರೆಯವಳು ಮಿಸೆಸ್ ಪರ್ಡಿ ಟ್ರಾಮು ಹತ್ತಿದಳು. ತುಂಬಿದ ಟ್ರಾಮು. ಎಲ್ಲರಿಗೂ ಕೇಳುವಂತೆ ಕೊಂಕು ತೆಗೆದಳು.

“ಏನಮ್ಮ ನೆಟ್ಟಾ, ಬೆರಳಲ್ಲಿ ಉಂಗುರಾನೇ ಕಾಣಲ್ವಲ್ಲ? ಟಿಕೆಟ್ ಕೊಡ್ತಾ ಕೊಡ್ತಾ ಜಾರಿಹೋಯ್ತಾ?”

ನೆಟ್ಟಾ ಗಂಟೆಯ ಹಗ್ಗ ಜಗ್ಗಿ “ಸೇಂಟ್ ಇನೋಕ್!” ಎಂದು ಕೂಗಿ, ಅವಳತ್ತ ತಿರುಗಿದಳು.

“ಇಳೀರಿ, ನಿಮ್ಮ ಸ್ಟಾಪು ಬಂತು. ಗಂಡನಿಲ್ದೆ ಹೆತ್ತ ತಾಯಿ ಹೆಸರಿನ ಸ್ಟಾಪು ಇದು. ಅವಳ ಮಗ ಕಟ್ಟಿದ ಊರಲ್ಲೇ ನೀವು ಬಾಡಿಗೆಗಿರೋದು.”

ಟ್ರಾಮು ಗೊಳ್ಳೆಂದಿತು. ಮಿಸೆಸ್ ಪರ್ಡಿ ಬುಟ್ಟಿ ಅವುಚಿಕೊಂಡು ಇಳಿದಳು. ಅವಳ ಹಿಂದೆಯೇ ಮಹಡಿಯ ಮೆಟ್ಟಿಲಿಳಿದು ಬಂದವನು ಆರ್ಚಿ. ಅಷ್ಟು ವರ್ಷ ಮಗಳಿರುವ ಟ್ರಾಮನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದವನು ಅಂದು ನೋಡದೆ ಹತ್ತಿದ್ದ. ಮಾತೆಲ್ಲ ಕೇಳಿಸಿಕೊಂಡಿದ್ದ. ಬಾಗಿಲ ಕಂಬ ಹಿಡಿದು ಮಗಳತ್ತ ತಿರುಗಿದ.

“ನಾಳೆ ಮನೇಲಿರ್ತೀಯಾ?”

“ಇರ್ತೀನಪ್ಪ.”

ಭಾನುವಾರ ಚರ್ಚಿನ ಕರಿ ಕೋಟಿನಲ್ಲೇ ಬಂದ. ಟೀನಿ ಬಾಗಿಲಿಗಡ್ಡ ನಿಂತು, “ದಾರಿ ಈಗ ಸಿಕ್ತೇನೋ ಆರ್ಚಿ?” ಎಂದು ತಮ್ಮನನ್ನು ಚುಚ್ಚಿಯೇ ಒಳಗೆ ಬಿಟ್ಟಳು. ಅವನು ಸೂಪು ಕುಡಿದ. ಆಮೇಲೆ ಹುಡುಗನ ಕೈ ಹಿಡಿದು ದೊಡ್ಡ ಚರ್ಚಿನ ನೆಲಮಾಳಿಗೆಗೆ ಕರೆದೊಯ್ದ. ಕಲ್ಲುಕಂಬಗಳ ನಡುವೆ ಸಂತನ ಗೋರಿ. ಹಿಂದೆ ನಿಂತಿದ್ದ ನೆಟ್ಟಾಳಿಗೆ ಅಪ್ಪನ ಒರಟು ದನಿ ಕೇಳಿಸಿತು: “ನೋಡು ಮುಂಗೋ, ಇವನ ಹೆಸರೇ ನಿನ್ನ ಹೆಸರು. ಬೆನ್ನು ನೆಟ್ಟಗಿಟ್ಟು ನಿಲ್ಲು.” ಅವಳು ಅತ್ತದ್ದು ಅಲ್ಲೇ, ಮತ್ತೆಲ್ಲೂ ಅಲ್ಲ.

ಮುಂದೆ ನೆಟ್ಟಾ ಟ್ರಾಮನ್ನೇ ಓಡಿಸಲು ಕಲಿತಳು. ಮುಂಗೋ ತಾತನ ಜೊತೆ ಹಡಗುಕಟ್ಟೆ ಸೇರಿ ಹೆಸರು ತೆಗೆದ. ಅವನ ಮದುವೆಯ ನೋಂದಣಿಯಲ್ಲಿ ಗುಮಾಸ್ತ ತಂದೆಯ ಹೆಸರು ಕೇಳಿ, ಇಲ್ಲವೆಂದು ತಿಳಿದು ಮುಜುಗರದಿಂದ ಲೇಖನಿ ತಡೆದ. ಹುಡುಗನಿಗೇನೂ ಮುಜುಗರವಿರಲಿಲ್ಲ.

“ತಾಯಿ ಹೆಸರು ಬರ್ಕೊಳ್ಳಿ ಸ್ವಾಮಿ,” ಅಂದ. “ನೆಟ್ಟಾ ಗಿಲ್‌ಕ್ರೈಸ್ಟ್. ಟ್ರಾಮ್ ಓಡಿಸ್ತಾಳೆ.”

ಪಾರ್ಟಿಕ್‌ನಿಂದ ಬಂದ ನೆಂಟರೆಲ್ಲ ಅಲ್ಲೇ ಇದ್ದರು. ನೆಟ್ಟಾ ಟೋಪಿ ಸರಿಪಡಿಸಿಕೊಂಡು, ಸಾಕ್ಷಿಯ ಸಹಿ ಹಾಕಲು ಎಲ್ಲರಿಗಿಂತ ಮೊದಲು ಎದ್ದಳು.