ಗಾಳೆಮ್ಮನ ಹಿಂದೆ ನಡೆದ ಊರು

ಬಿಳೇಕಲ್ಲಿನ ಜನ ಮುಂಜಾನೆ ಎದ್ದು ಮೊದಲು ಯಾರ ಮುಖ ನೋಡಿದೆವೆಂಬುದನ್ನು ಸಂಜೆಯವರೆಗೆ ನೆನಪಿಡುತ್ತಿದ್ದರು. ಹಾಲು ಒಡೆದರೆ, ಎತ್ತು ಕುಂಟಿದರೆ, ರೊಟ್ಟಿ ಸೀದರೆ ಆ ಮುಖವನ್ನು ನೆನೆದು ಬಯ್ಯಲು ಅನುಕೂಲವಾಗುತ್ತಿತ್ತು. ಗಂಡ ಹೊನ್ನೂರಪ್ಪ ಬದುಕಿರುವ ತನಕ ಗಾಳೆಮ್ಮನ ಮುಖ ಯಾರ ಗಣನೆಗೂ ಬಂದಿರಲಿಲ್ಲ. ಚಳಿಜ್ವರದಲ್ಲಿ ಅವನು ತೀರಿಕೊಂಡ ಮೇಲೆ, ಅದೇ ಮೂಗು, ಅದೇ ಕಣ್ಣು, ಹಣೆಯ ಕುಂಕುಮವೊಂದು ಹೋದದ್ದಕ್ಕೆ ಆ ಮುಖಕ್ಕೆ ಎತ್ತನ್ನು ಕುಂಟಿಸುವ ಶಕ್ತಿ ಬಂತು. ತನಗೆ ಅಂಥ ಶಕ್ತಿಯಿದೆಯೆಂದು ಆಕೆಗೆ ತಿಳಿದದ್ದು ಊರವರು ಹೇಳಿದ ಮೇಲೆಯೇ.

ಅವು ಯುದ್ಧದ ವರ್ಷಗಳು. ಎಲ್ಲೋ ದೂರದಲ್ಲಿ ಯಾರೋ ಯಾರ ಮೇಲೋ ಗುಂಡು ಹಾರಿಸುತ್ತಿದ್ದುದರಿಂದ ಕೊಪ್ಪಳದ ಹೊರಗಿನ ಹತ್ತಿ ಗಿರಣಿಗೆ ಕೆಲಸ ಹೆಚ್ಚಾಗಿ, ಸಂಕ್ರಾಂತಿ ಕಳೆಯುತ್ತಲೇ ಎರಡು ಪಾಳಿ ಶುರುವಾಗಿದ್ದವು. ಬಿಳೇಕಲ್ಲಿನ ತಂಡಕ್ಕೆ ಬಂದದ್ದು ಮುಂಜಾನೆಯ ಪಾಳಿ. ಗಿರಣಿಯ ಸೀಟಿ ಭೋಂಗಾ ಮೊದಲ ಸಲ ಊದಿದಾಗ ಮುದುಕ ದರವಾನ ರಾಜೇಸಾಬ ಗೇಟಿನ ಬಳಿ ಕುಳಿತು ಒಬ್ಬೊಬ್ಬರಿಗೂ ಒಂದೊಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದ. ಎರಡನೆಯ ಭೋಂಗಾ ಊದಿದಾಗ ಗೇಟು ಮುಚ್ಚುತ್ತಿದ್ದ. ಬಿಲ್ಲೆ ಇದ್ದವರಿಗೆ ಆ ದಿನದ ಕೂಲಿ, ಇಲ್ಲದವರಿಗೆ ಬಂದ ದಾರಿ.

ಆ ದಾರಿಯೂ ಸಣ್ಣದಲ್ಲ. ಊರ ಅಗಸಿಬಾಗಿಲು ದಾಟಿ, ಜೋಳದ ಹೊಲಗಳ ನಡುವೆ ಹಾದು, ಬಂಡೆಗುಡ್ಡದ ಸಂದಿಯಲ್ಲಿ ಇಳಿದು, ಹಳ್ಳ ದಾಟಿದರೆ ಕುಷ್ಟಗಿಯ ರಸ್ತೆ ಸಿಗುತ್ತಿತ್ತು. ಅಲ್ಲಿಂದ ಮುಂದೆ ಗಿರಣಿಯ ಚಿಮಣಿ ಕಾಣುತ್ತಿತ್ತು, ಆದರೆ ಎಷ್ಟು ನಡೆದರೂ ಹತ್ತಿರ ಬರುತ್ತಿರಲಿಲ್ಲ. ಕುಷ್ಟಗಿಯಿಂದ ಒಂದು ಮೋಟಾರು ಬರುತ್ತಿದ್ದುದು ನಿಜ. ಅದು ಬರುವುದು ಬಿಸಿಲೇರಿದ ಮೇಲೆ, ಅದೂ ಅನೇಕ ದಿನ ಒಳಗಿನವರೇ ಇಳಿದು ನೂಕಿದ ಮೇಲೆ. ಊರಲ್ಲಿದ್ದ ಒಂದೇ ಸೈಕಲ್ಲು ಗೌಡರ ಮನೆಯ ಪಡಸಾಲೆಯಲ್ಲಿ ಹೂವೇರಿಸಿಕೊಂಡು ನಿಂತಿತ್ತು. ಹೀಗಾಗಿ ಗಿರಣಿಗೆ ಹೋಗುವವರಿಗೆ ದೇವರು ಕೊಟ್ಟ ಕಾಲುಗಳೇ ಗತಿ.

ಗಾಳೆಮ್ಮನ ಮನೆ ಅಗಸಿಗೆ ಅಂಟಿಕೊಂಡಿತ್ತು. ಮನೆಯಲ್ಲಿ ಆಕೆ ಮತ್ತು ಕಣ್ಣು ಕಾಣದ ಅತ್ತೆ ಹುಲಗೆಮ್ಮ, ಇಬ್ಬರೇ. ಆ ಮಾಗಿಯಲ್ಲಿ ಒಂದು ಮುಂಜಾನೆ ಗಾಳೆಮ್ಮ ಬುತ್ತಿ ಕಟ್ಟಿಕೊಂಡು ಹೊಸ್ತಿಲು ದಾಟುವುದಕ್ಕೂ ಗಿರಣಿಯ ತಂಡ ಅಗಸಿಗೆ ಬರುವುದಕ್ಕೂ ಸರಿಹೋಯಿತು. ಮುಂದಾಳು ಕನಕಪ್ಪ ಕಂದೀಲು ಎತ್ತಿದ. ಬೆಳಕು ನೇರ ಆಕೆಯ ಮುಖಕ್ಕೆ ಬಿತ್ತು.

"ಹೊಳ್ಳರಿ ಹಿಂದಕ್ಕ," ಎಂದ ಕನಕಪ್ಪ.

ಎಲ್ಲರೂ ಮನೆಗೆ ಹೋದರು. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕುಳಿತರು, ಒಂದು ಗುಟುಕು ನೀರು ಕುಡಿದರು, ಹೊಸದಾಗಿ ಹೊರಟರು. ಅವರು ಗಿರಣಿ ಮುಟ್ಟಿದಾಗ ಗೇಟು ಮುಚ್ಚಿತ್ತು. ಗಾಳೆಮ್ಮ ಮಾತ್ರ, ಯಾರ ಮುಖಕ್ಕೂ ಹೆದರದೆ ನೆಟ್ಟಗೆ ನಡೆದಿದ್ದರಿಂದ, ಒಳಗೆ ಹತ್ತಿಯ ಬೀಜ ಬಿಡಿಸುವ ತನ್ನ ಜಿನ್ನು ಯಂತ್ರದ ಮುಂದೆ ಕುಳಿತು ಹತ್ತಿ ಹಾಕುತ್ತಿದ್ದಳು.

"ನೋಡಿದ್ರ್ಯಾ?" ಎಂದ ಕನಕಪ್ಪ ಮುಚ್ಚಿದ ಗೇಟಿನ ಮುಂದೆ. "ಆಕಿ ಮಾರಿ ನೋಡಿದ್ವಿ, ಕೂಲಿ ಹೋತು. ಇನ್ನೇನ ಸಾಕ್ಷಿ ಬೇಕು?"

ಇಷ್ಟು ಒಳ್ಳೆಯ ಸಾಕ್ಷಿಯನ್ನು ಅಲ್ಲಗಳೆಯಲು ಯಾರಿಗೂ ಮನಸ್ಸಾಗಲಿಲ್ಲ.

ಅಂದು ಸಂಜೆ ಪಕ್ಕದ ಮನೆಯ ಫಕೀರಮ್ಮ ಬಂದಳು. ಆಕೆಯೂ ಅದೇ ತಂಡದವಳು, ಮಾತಿಗೆ ನಿಂತರೆ ಕೂರುವವಳಲ್ಲ. "ಗಾಳೆವ್ವಾ, ನಿನ್ನ ಮ್ಯಾಲ ನಮಗೇನೂ ಸಿಟ್ಟಿಲ್ಲ ನೋಡವ್ವಾ. ನಿನ್ನ ಮಾರಿ ಮ್ಯಾಲ ಅಷ್ಟ. ನಾಳಿಂದ ನಾವು ಹೋದ ಮ್ಯಾಲ ನೀ ಹೊಂಡು. ಎಲ್ಲಾರಿಗೂ ಛಲೋ ಆಕ್ಕೈತಿ."

"ಗೇಟು ಹಾಕಿದ್ರ?"

"ಅದೇನವ್ವಾ, ನಿಂದೊಂದ ಹೊಟ್ಟಿ. ನಮ್ಮವು ಎಷ್ಟದಾವು ನೋಡು."

ಮೂಲೆಯಲ್ಲಿದ್ದ ಹುಲಗೆಮ್ಮ ಕೆಮ್ಮಿದಳು. "ನಂದು ಹೊಟ್ಟಿ ಅಲ್ಲೇನ ಫಕೀರವ್ವ? ಕಣ್ಣು ಹೋಗ್ಯಾವ, ಹಸಿವು ಹೋಗಿಲ್ಲ."

ಹೇಳಿದ ಮಾತಿಗೆ ಮರ್ಯಾದೆ ಕೊಟ್ಟು ಮರುದಿನ ಗಾಳೆಮ್ಮ ಎಲ್ಲರೂ ಹೋದ ಮೇಲೆ ಹೊರಟಳು. ಓಡಿದಳು. ಗುಡ್ಡದ ಸಂದಿಯಲ್ಲಿರುವಾಗಲೇ ಎರಡನೆಯ ಭೋಂಗಾ ಕೇಳಿಸಿತು. ಆದರೂ ಹೋಗಿ ನಿಂತಳು. ಗಿರಣಿಯ ಮುಕಾದಮ ಗೇಟಿನ ಸರಳುಗಳ ನಡುವಿನಿಂದ ಹೇಳಿದ: "ಇನ್ನೊಮ್ಮೆ ತಡಾ ಆತಂದ್ರ ನಿನ್ನ ಜಿನ್ನು ಬ್ಯಾರೇದವ್ರಿಗೆ ಕೊಡ್ತೀನಿ. ಆಮ್ಯಾಲ ಅಳಬ್ಯಾಡ." ಆ ಜಿನ್ನು ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಹೊಲವಿಲ್ಲ, ತವರಿನಲ್ಲಿ ಯಾರೂ ಇಲ್ಲ. ಮುಖ ತೋರಿಸಿದರೆ ಊರಿಗೆ ಕೇಡು, ತೋರಿಸದಿದ್ದರೆ ಹೊಟ್ಟೆಗೆ ಕೇಡು.

ರಾತ್ರಿ ಅತ್ತೆ ಎಂದಿನಂತೆ ಸೊಸೆಯ ಮುಖದ ಮೇಲೆ ಕೈಯಾಡಿಸಿದಳು. "ಅತ್ತೀಯೇನ? ಅಳೂದ್ರಾಗ ಏನೈತಿ? ಅವರು ನಿನಗ ಹಿಂದ ಬಾ ಅಂದ್ರು, ಆಗಲಿಲ್ಲ. ಮುಂದ ಹೋಗಬ್ಯಾಡ ಅಂತ ಯಾರೂ ಅಂದಿಲ್ಲಲ್ಲ."

ಗಾಳೆಮ್ಮ ಹುಲಿಗಿಯ ದಿಕ್ಕಿಗೆ ತಿರುಗಿ ಅಲ್ಲಿಯ ದೇವಿಗೆ ಕೈಮುಗಿದಳು. ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ ಒಬ್ಬಳೇ ಹೊರಟಳು. ಗುಡ್ಡದ ಸಂದಿಯಲ್ಲಿ ಜೀವ ಕೈಯಲ್ಲಿ ಹಿಡಿದು ದಾಟಿದಳು. ಗಿರಣಿ ಮುಟ್ಟಿದಾಗ ರಾಜೇಸಾಬ ಇನ್ನೂ ಕಂಬಳಿಯೊಳಗಿದ್ದ.

ಎಲ್ಲಕ್ಕೂ ಇದರಿಂದ ಪರಿಹಾರವಾಗಬೇಕಿತ್ತು. ಆದರೆ ಅದೇ ವಾರ ಗಾಳೆಮ್ಮ ಕಾಲಿಗೆ ಚುಚ್ಚಿದ ಜಾಲಿಮುಳ್ಳು ಕೀಳಲು ಹಳ್ಳದ ದಂಡೆಯಲ್ಲಿ ಕುಳಿತಳು. ಹಿಂದಿನಿಂದ ಬಂದ ತಂಡ ಮತ್ತೆ ಆ ಮುಖವನ್ನು ಕಂಡಿತು. ಮನೆಗೆ ಹೋಗಿ ನೀರು ಕುಡಿದು ಬರಲು ದೂರವಾಯಿತು. ಹಳ್ಳದ ನೀರೇ ಕುಡಿದು, ದಂಡೆಯ ಮೇಲೇ ಕುಳಿತು ಎದ್ದರು. ಇದು ಶಾಸ್ತ್ರಕ್ಕೆ ಸಲ್ಲುತ್ತದೋ ಇಲ್ಲವೋ ಎಂಬ ಚರ್ಚೆ ಗಿರಣಿಯವರೆಗೆ ನಡೆಯಿತು.

"ಮುಂದ ಹೋದಾಕಿ ಯಾವಾಗ ಹೊಳ್ಳತಾಳ ಅಂತ ಯಾರು ಕಂಡಾರ?" ಎಂದ ಕನಕಪ್ಪ. "ಆಕಿಗಿಂತ ಮೊದಲ ನಾವ ಹೋಗೂಣು."

ಮರುದಿನ ತಂಡ ಬೆಳ್ಳಿಚುಕ್ಕಿಗಿಂತ ಮೊದಲೇ ಎದ್ದಿತು. ಅಗಸಿಯಲ್ಲಿ ಚಪ್ಪಲಿಯ ಸದ್ದು ಕೇಳಿದ ಗಾಳೆಮ್ಮ, ಹಿಂದುಳಿದರೆ ಗೇಟು ಮುಚ್ಚೀತೆಂಬ ಹೆದರಿಕೆಯಲ್ಲಿ, ಅದರ ಮರುದಿನ ಇನ್ನೂ ಮೊದಲು ಹೊರಟಳು. ತಂಡ ಅದಕ್ಕಿಂತ ಮೊದಲು ಹೊರಡಲು ನೋಡಿತು. ಹೀಗೆ ಎರಡು ಕಡೆಯವರೂ ನಿದ್ದೆಯನ್ನು ಒಂದಿಷ್ಟಿಷ್ಟೇ ಕತ್ತರಿಸಿಕೊಳ್ಳುತ್ತ ಹೋದರು. ಹೆಂಗಸರು ಊಟ ಮಾಡಿದ ತಾಟು ತೊಳೆದು ಅದರಲ್ಲೇ ಬುತ್ತಿಯ ರೊಟ್ಟಿ ತಟ್ಟುವಂತಾಯಿತು. ಜನರ ಸದ್ದಿಗೆ ಊರ ಕೋಳಿಗಳು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿ, ಆಮೇಲೆ ನಾಚಿಕೊಂಡು ಸುಮ್ಮನಾಗುತ್ತಿದ್ದವು. ಕತ್ತಲಲ್ಲಿ ಎಷ್ಟು ಅವಸರ ಮಾಡಿದರೂ ತಂಡವನ್ನು ಕೂಡಿಸಿಕೊಂಡು ಹೊರಡುವ ಕನಕಪ್ಪನಿಗೆ ತಡವಾಗುತ್ತಿತ್ತು. ಗಾಳೆಮ್ಮ ಕೂಡಿಸಬೇಕಾದದ್ದು ತನ್ನೊಬ್ಬಳನ್ನೇ.

ಅಂತೂ ಮೊದಲ ಭೋಂಗಾ ಊದುವುದಕ್ಕೆ ಎಷ್ಟೋ ಹೊತ್ತು ಮುಂಚೆ ಬಿಳೇಕಲ್ಲಿನವರೆಲ್ಲ ಗಿರಣಿಯ ಗೋಡೆಗೊರಗಿ ತೂಕಡಿಸುತ್ತ ಕುಳಿತಿರುತ್ತಿದ್ದರು, ಗಾಳೆಮ್ಮ ಒಂದು ಮೂಲೆಗೆ ಮುಖ ಮಾಡಿ, ಉಳಿದವರು ಇನ್ನೊಂದು ಮೂಲೆಗೆ. ಒಂದು ದಿನ ಗಿರಣಿಯ ಮಾಲೀಕ ಸೇಠ ರೈಲಿಳಿದು ಕತ್ತಲಲ್ಲೇ ತನ್ನ ಕಾರಿನಲ್ಲಿ ಬಂದ. ದೀಪದ ಬೆಳಕಿನಲ್ಲಿ ಸಾಲಾಗಿ ಕುಳಿತ ಆಳುಗಳನ್ನು ಕಂಡು ಅವನ ಕಣ್ಣು ತುಂಬಿ ಬಂತು. ಕೆಲಸದ ಮೇಲೆ ಇಂಥ ಭಕ್ತಿಯನ್ನು ಅವನು ಎಲ್ಲೂ ಕಂಡಿರಲಿಲ್ಲ.

"ಶಾಬಾಸ್!" ಎಂದ. ಉಳಿದ ಊರಿನವರು ಬಂದ ಮೇಲೆ ಅವರನ್ನು ನಿಲ್ಲಿಸಿ ಹೇಳಿದ, "ಬಿಳೇಕಲ್ಲಿನ ಮಂದೀನ ನೋಡಿ ಕಲೀರಿ." ಕೇಳಿದ ಪರವೂರ ಮಂದಿ ಹಲ್ಲು ಕಡಿದರು. ಸೇಠ ರಾಜೇಸಾಬನ ಕಡೆ ತಿರುಗಿದ. "ಇವರೊಳಗ ಎಲ್ಲರಿಗಿಂತ ಮೊದಲು ಬರವ್ರು ಯಾರು?"

ರಾಜೇಸಾಬ ನಮಾಜು ತಪ್ಪಿಸದ ಮನುಷ್ಯ, ಸುಳ್ಳು ಹೇಳಲಿಲ್ಲ. "ಈ ಗಾಳೆಮ್ಮರಿ ಸಾಹೇಬ್ರ. ನಾ ಏಳೂಕ್ಕಿಂತ ಮೊದಲ ಬಂದಿರತಾಳ."

"ಹಂಗಾದ್ರ ಇವರೂರ ಬಿಲ್ಲೆ ಚೀಲ ಇನ್ನ ಮ್ಯಾಲ ಈಕಿ ಹತ್ರ ಇರಲಿ. ಸಂಜೀಗೆ ತಗೊಂಡು ಹೋಗಲಿ, ಮುಂಜಾನೆ ತಂದು ಈಕಿನ ಹಂಚಲಿ. ಉಳಿದ ಊರವ್ರದು ನೀ ನೋಡ್ಕೊ."

ಕನಕಪ್ಪ ರುಮಾಲು ಸರಿಪಡಿಸಿಕೊಂಡ. "ಸಾಹೇಬ್ರ, ಆ ಚೀಲ ನಾ ಹೊರತೀನ್ರಿ. ಪಾಪ, ಹೆಣ್ಮಗಳು..."

"ನೀ ಆಕಿಗಿಂತ ಮೊದಲು ಬಂದಿದ್ದಿ ಏನು?"

ಕನಕಪ್ಪ ಬಂದಿರಲಿಲ್ಲ. ಯಾಕೆ ಬೇಡವೆಂಬುದನ್ನು ಬಾಯಿಬಿಟ್ಟು ಹೇಳಿದರೆ ಭಕ್ತಿಯ ಬಣ್ಣ ಬಯಲಾಗುತ್ತಿತ್ತು. ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ.

ಮರುದಿನ ಗೇಟಿನಲ್ಲಿ ಗಾಳೆಮ್ಮ ಚೀಲ ಹಿಡಿದು ನಿಂತಳು. ಎದುರಿಗೆ ಇಡೀ ತಂಡ ಬೆಪ್ಪಾಗಿ ನಿಂತಿತ್ತು. ಬಿಲ್ಲೆ ಬೇಕಾದರೆ ಆಕೆಯ ಕೈಯಿಂದಲೇ ತೆಗೆದುಕೊಳ್ಳಬೇಕು. ಒಬ್ಬ ಕಣ್ಣು ಮುಚ್ಚಿ ಕೈ ಚಾಚಿದ, ಬಿಲ್ಲೆ ಬದಲು ಕಂಬಕ್ಕೆ ಕೈ ಬಡಿಯಿತು. ಫಕೀರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಬಂದು ರಾಜೇಸಾಬನ ಕಾಲು ತುಳಿದಳು. ಅಷ್ಟರಲ್ಲಿ ಎರಡನೆಯ ಭೋಂಗಾದ ಹೊತ್ತಾಯಿತು. ಕನಕಪ್ಪ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ:

"ಶಕುನ ಅನ್ನೋದು ಮನಿಂದ ಹೊಂಡೂವಾಗ. ಬಂದು ಮುಟ್ಟಿದ ಮ್ಯಾಲ ಎಲ್ಲೀ ಶಕುನ? ತಗೋರಿ, ತಗೋರಿ."

ಎಲ್ಲರಿಗೂ ಜೀವ ಬಂದಂತಾಯಿತು. ಸಾಲಾಗಿ ಬಂದು ಬಿಲ್ಲೆ ತೆಗೆದುಕೊಂಡರು. ಒಬ್ಬಿಬ್ಬರು ಮರೆತು ಆಕೆಯ ಮುಖವನ್ನೂ ನೋಡಿದರು. ಅಂದು ಯಾವ ಜಿನ್ನಿನ ಪಟ್ಟಾ ಹರಿಯಲಿಲ್ಲ, ಯಾರ ಬೆರಳೂ ಸಿಕ್ಕಿಕೊಳ್ಳಲಿಲ್ಲ. ತೀರ್ಪು ಸರಿಯಾಗಿತ್ತೆಂಬುದಕ್ಕೆ ಕನಕಪ್ಪ ಅದನ್ನೂ ಸಾಕ್ಷಿಯಾಗಿ ಹೇಳಿದ.

ಆದರೆ ಹೊರಡುವಾಗಿನ ಶಕುನ ಹಾಗೇ ಉಳಿದಿತ್ತು. ಗಾಳೆಮ್ಮ ಚೀಲ ಹೊತ್ತು ಮುಂಚೆ ಒಬ್ಬಳೇ ಹೋಗಬೇಕು, ಅವರು ಆಮೇಲೆ ಬರಬೇಕು. ಶಿವರಾತ್ರಿಯ ಹಿಂದುಮುಂದಿನ ಒಂದು ಮುಂಜಾನೆ ಗುಡ್ಡದ ಸಂದಿಯಲ್ಲಿ ಆಕೆಯ ಎದುರಿಗೆ ತೋಳವೊಂದು ನಿಂತಿತು. ಅದಕ್ಕೆ ಶಕುನದ ವಿಚಾರ ತಿಳಿದಿರಲಿಲ್ಲವಾಗಿ ಅದು ಹೊಳ್ಳಿ ಹೋಗಲಿಲ್ಲ. ಗಾಳೆಮ್ಮ ದಾರಿಬಿಟ್ಟು ಬಂಡೆ ಏರಿ, ಬಿಲ್ಲೆಯ ಚೀಲವನ್ನು ಗಲಗಲ ಅಲ್ಲಾಡಿಸುತ್ತ ನಿಂತಳು. ತೋಳ ಕೆಳಗೆ ಕುಳಿತು ಕೇಳಿತು. ಅಷ್ಟರಲ್ಲಿ ತಂಡ ಕಂದೀಲು ಹಿಡಿದು ಗದ್ದಲ ಮಾಡುತ್ತ ಬಂದಿತು. ತೋಳ ಎದ್ದು ಓಡಿತು. ಬಂಡೆಯ ಮೇಲಿಂದ ಗಲಗಲ ಸದ್ದು ಕೇಳಿದ ತಂಡವೂ ದೆವ್ವವೆಂದು ಓಡಿತು, ತೋಳದಷ್ಟೇ ಬೇಗ. ಗಾಳೆಮ್ಮ ಬೆಳಕು ಹರಿಯುವತನಕ ಬಂಡೆಯ ಮೇಲೇ ಕಾದು, ಕೆಳಗಿಳಿದು ಗಿರಣಿ ಮುಟ್ಟುವಷ್ಟರಲ್ಲಿ ಗೇಟಿನ ಹೊರಗೆ ಇಡೀ ಬಿಳೇಕಲ್ಲು ಬಿಲ್ಲೆ ಇಲ್ಲದೆ ನಿಂತಿತ್ತು. ಎರಡನೆಯ ಭೋಂಗಾ ಊದಿಯಾಗಿತ್ತು.

ಮುಕಾದಮ ಹೊರಗೆ ಬಂದು ಹೇಳಿದ, "ಇನ್ನೊಮ್ಮೆ ಹಿಂಗಾತಂದ್ರ ಈಕೀನೂ ಬ್ಯಾಡ, ನೀವೂ ಬ್ಯಾಡ. ತಳಕಲ್ಲಿನ ಮಂದಿ ಕೆಲಸ ಕೊಡ್ರಿ ಅಂತ ಕಾದು ಕುಂತಾರ."

ಅಂದು ಸಂಜೆ ಗಾಳೆಮ್ಮನ ಮನೆಯ ಮುಂದೆ ತಂಡವೆಲ್ಲ ಬಂದು ನಿಂತಿತು. ಹೊನ್ನೂರಪ್ಪ ತೀರಿದ ಮೇಲಿನ ಎರಡು ವರ್ಷದಲ್ಲಿ ಆ ಅಂಗಳಕ್ಕೆ ಅಷ್ಟು ಜನ ಬಂದಿರಲಿಲ್ಲ.

"ಗಾಳೆವ್ವಾ," ಎಂದ ಕನಕಪ್ಪ, ನೆಲ ನೋಡುತ್ತ. "ಒಬ್ಬಾಕಿನ ಹೋಗಬ್ಯಾಡವಾ. ತ್ವಾಳ ನಿನಗೇನರ ಮಾಡಿದ್ರ ನಮ್ಮ ಬಿಲ್ಲೆ ಗತಿ ಏನು? ಎಲ್ಲಾರೂ ಕೂಡೇ ಹೋಗೂಣು."

"ನನ್ನ ಮಾರಿ?" ಎಂದಳು ಗಾಳೆಮ್ಮ.

"ಅದನ್ನ ವಿಚಾರ ಮಾಡೀವಿ. ನೀ ಮುಂದ ನಡಿ, ನಾವು ಹಿಂದ ಬರ್ತೀವಿ. ಬೆನ್ನಿಗೆ ಶಕುನ ಇಲ್ಲ. ಹೊಳ್ಳಿ ಮಾತ್ರ ನೋಡಬ್ಯಾಡ."

ಒಳಗಿನಿಂದ ಹುಲಗೆಮ್ಮ ನಕ್ಕಳು. "ಏ ಕನಕಾ, ನಾನು ದಿನಾ ಮುಂಜಾನೆ ಆಕಿ ಮಾರಿ ಮುಟ್ಟೇ ಏಳತೀನಲ್ಲೋ. ನನಗ್ಯಾಕ ಏನೂ ಆಗಿಲ್ಲ?"

"ನಿನಗಿನ್ನ ಆಗೂದು ಏನ ಉಳದೈತಿ ಬೇ?" ಎಂದ ಕನಕಪ್ಪ. ಎಲ್ಲರೂ ನಕ್ಕರು, ಹುಲಗೆಮ್ಮ ಎಲ್ಲರಿಗಿಂತ ಜೋರಾಗಿ.

ಹಾಗೆ ಮರುದಿನದಿಂದ ಊರು ಗಾಳೆಮ್ಮನ ಹಿಂದೆ ನಡೆಯತೊಡಗಿತು. ಕನಕಪ್ಪ ಹಿಂದಿನಿಂದ ಕಂದೀಲು ಎತ್ತಿ ಹಿಡಿಯುತ್ತಿದ್ದ. ಆಕೆಯ ನೆರಳು ಆಕೆಗಿಂತ ಎತ್ತರವಾಗಿ ಮುಂದೆ ಮುಂದೆ ಹೋಗುತ್ತಿತ್ತು. ಬೆನ್ನಿನ ಜೊತೆ ಮಾತಾಡಲು ಅಡ್ಡಿಯಿಲ್ಲವೆಂದು ಫಕೀರಮ್ಮ ಮೊದಲು ಕಂಡುಕೊಂಡಳು. ಮಗಳ ಅತ್ತೆಯ ಕಾಟ, ಗಂಡನ ಶೇಂದಿ, ಎಲ್ಲವನ್ನೂ ಆ ಬೆನ್ನಿಗೆ ಹೇಳಿದಳು. ಗಾಳೆಮ್ಮ ಹೂಂ ಎನ್ನುತ್ತಿದ್ದಳು. ಉಳಿದವರೂ ಒಬ್ಬೊಬ್ಬರಾಗಿ ಅದೇ ಬೆನ್ನಿಗೆ ಬಂದರು. ಹಳ್ಳದಲ್ಲಿ ಆಕೆ ಮುಖ ತೊಳೆಯಲು ಬಾಗಿದಾಗ ಮಾತ್ರ ಎಲ್ಲರೂ ಒಟ್ಟಿಗೆ ಊರ ಕಡೆ ತಿರುಗಿ ನಿಲ್ಲುತ್ತಿದ್ದರು.

ಒಂದು ಹುಣ್ಣಿಮೆಯ ಮುಂಜಾನೆ ಕುಷ್ಟಗಿಯ ರಸ್ತೆಗೆ ಹತ್ತುವಲ್ಲಿ ಎದುರಿನಿಂದ ಒಂದು ಚಕ್ಕಡಿ ಬಂದಿತು. ಹೊಡೆಯುತ್ತಿದ್ದವನು ಪರಸ್ಥಳದವನು. ಮುಂದೆ ಬಗಲಿಗೆ ಚೀಲ ಹಾಕಿಕೊಂಡು ಒಬ್ಬ ಹೆಂಗಸು, ಚೀಲದೊಳಗೆ ಗಲಗಲ ಸದ್ದು, ಹಿಂದೆ ಬೆಳಕು ಹಿಡಿದು ಸಾಲಾಗಿ ಬರುತ್ತಿರುವ ಊರು. ಅವನು ಹುಲಿಗಿಗೆ ನಡೆದು ಹೊರಟ ಜೋಗಮ್ಮನ ಮೇಳವೆಂದೇ ತಿಳಿದ. ಎತ್ತು ನಿಲ್ಲಿಸಿ ಕೆಳಗಿಳಿದ, ಚಪ್ಪಲಿ ಬಿಟ್ಟ, ಗಾಳೆಮ್ಮನ ಮುಖವನ್ನೇ ನೋಡುತ್ತ ಎರಡೂ ಕೈ ಮುಗಿದ.

"ತಾಯಿ, ಹೊಸಾ ಎತ್ತು ಹೂಡೀನಿ. ಹೊಂಡೂದಕ್ಕ ನಿನ್ನ ಮಾರಿ ಕಂಡೆ. ಇನ್ನ ನನಗೇನೂ ಅಂಜಿಕಿ ಇಲ್ಲ."

ಗಾಳೆಮ್ಮನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಿಜ ಹೇಳಲು ಕನಕಪ್ಪನ ಬಾಯಿ ತೆರೆದಿತ್ತು. ಹೇಳಿದರೆ ಆ ಮನುಷ್ಯ ಚಕ್ಕಡಿಯನ್ನು ಇಕ್ಕಟ್ಟಿನ ದಾರಿಯಲ್ಲೇ ಹೊಳ್ಳಿಸಲು ನೋಡುತ್ತಾನೆ, ದಾರಿ ಕಟ್ಟಿಹೋಗುತ್ತದೆ, ಗೇಟು ಮುಚ್ಚುತ್ತದೆ. ದೂರದಲ್ಲಿ ಮೊದಲ ಭೋಂಗಾ ಊದಿತು. ಕನಕಪ್ಪ ಬಾಯಿ ಮುಚ್ಚಿಕೊಂಡ.

"ಛಲೋ ಆಗಲಿ, ಹೋಗಪ್ಪಾ," ಎಂದಳು ಗಾಳೆಮ್ಮ ಮೆಲ್ಲಗೆ.

ಅವನು ಸಂತೋಷದಿಂದ ಚಕ್ಕಡಿ ಹತ್ತಿದ. ಗಾಳೆಮ್ಮ ಚೀಲವನ್ನು ಬಗಲಿಗೆ ಬಿಗಿದುಕೊಂಡು, ಹೊಳ್ಳಿ ನೋಡದೆ, ಹೆಜ್ಜೆ ಜೋರು ಮಾಡಿದಳು. ಹಿಂದೆ ಊರೂ ಜೋರು ಮಾಡಿತು.